ನರಸಮ್ಮನ ಹಂಡೆ

ಬೆಳಿಗ್ಗೆ ಏಳು ಗಂಟೆಗೆ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು ಹಂಡೆ ಉಜ್ಜುತ್ತಿದ್ದ ವೇಣುಗೋಪಾಲನಿಗೆ ತನ್ನ ತಾಯಿ ಕಳ್ಳಿ ಎಂದು ಗೊತ್ತಾದದ್ದು ಹುಣಸೆಹಣ್ಣಿನ ಮೂರನೆಯ ಉಂಡೆಯಲ್ಲಿ. ಮೊದಲ ಎರಡು ಉಂಡೆಗೆ ಬರೀ ಮಸಿ ಬಂದಿತ್ತು; ಐವತ್ಮೂರು ವರ್ಷದ ಮಸಿ, ಅಷ್ಟೇ ವಯಸ್ಸಿನ ಅವನ ಮೊಣಕೈವರೆಗೂ ಹತ್ತಿ, ಬನಿಯನ್ನಿಗೆ ಹತ್ತಿ, ಕನ್ನಡಕದ ಒಂದು ಗಾಜಿಗೂ ಹತ್ತಿತ್ತು. ಮೂರನೆಯ ಉಂಡೆಗೆ ಹಂಡೆಯ ಹೆಗಲ ಮೇಲೆ ತಾಮ್ರ ಕೆಂಪಗೆ ಹೊಳೆಯಿತು. ಹೊಳೆದ ಜಾಗದಲ್ಲೇ, ಹಿಂದಿನವರು ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆಸುತ್ತಿದ್ದ ಅಕ್ಷರದಲ್ಲಿ, ಒಂದು ಹೆಸರು: ಡಿ. ರಾಮಲಿಂಗಯ್ಯ. ವೇಣುಗೋಪಾಲ ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ, ಮಸಿ ಹತ್ತಿದ ಗಾಜಿನಲ್ಲೂ ಹತ್ತದ ಗಾಜಿನಲ್ಲೂ ಅದು ರಾಮಲಿಂಗಯ್ಯನೇ. ಅವನ ವಂಶದಲ್ಲಿ ಏಳು ತಲೆ ಹಿಂದಕ್ಕೆ ಹೋದರೂ ಆ ಹೆಸರಿನವರಿಲ್ಲ. ಡಿ. ರಾಮಲಿಂಗಯ್ಯ ಎಂದರೆ ಮೂರು ಬೀದಿಯಾಚೆಯ, ಅಮ್ಮನ ಗೆಳತಿ ಆದಿಲಕ್ಷ್ಮಮ್ಮನ ಗಂಡ, ತೀರಿಕೊಂಡು ಹತ್ತು ವರ್ಷವಾದ, ಮೂಗಿನ ಮೇಲೆ ನರುಲಿಯಿದ್ದ ರಾಮಲಿಂಗಯ್ಯ.

ಆ ಹೆಸರಿನ ಕೆಳಗೆ ಇನ್ನೇನೋ ಗೀಚು ಗೀಚಾಗಿತ್ತು. ಅದನ್ನು ನೋಡುವ ವ್ಯವಧಾನ ಅವನಿಗಿರಲಿಲ್ಲ. ಅವನು ನೋಡುತ್ತಿದ್ದದ್ದು ಬಚ್ಚಲುಮನೆಯ ಕಡೆಗೆ, ಹೋದ ವಾರ ಮಹಡಿಯ ಮೇಲೆ ಸೋಲಾರ್ ಕೂರಿಸಿದ ಮೇಲೆ ಗಾರೆಯವನು ಒಡೆದುಹಾಕಿದ ನೀರೊಲೆಯ ಗುರುತಿನ ಕಡೆಗೆ. ಹೊಟ್ಟೆಯವರೆಗೂ ಗಾರೆಯಲ್ಲಿ ಹೂತು, ಮೂರು ಕಡೆಯಿಂದ ಸ್ನಾನ ಮಾಡುವವರಿಗೆ ಕಾಣುವಂತೆ ನಿಂತಿದ್ದ ಈ ಹಂಡೆಗೆ ಒಂದೇ ಒಂದು ಕಡೆ ಗೋಡೆಗೆ ಇತ್ತು. ಹೆಸರು ಆ ಕಡೆ ಇತ್ತು. ಮರೆತು ಉಳಿದ ಪಾತ್ರೆ ಹಾಗೆ ನಿಲ್ಲುವುದಿಲ್ಲ. ಯಾರೋ ಕೈಯಾರೆ ತಿರುಗಿಸಿ ನಿಲ್ಲಿಸಿದ್ದಾರೆ. ಯಾರೋ ಏನು, ಅಮ್ಮ. ಹೋದ ವರ್ಷ ಅವಳ ವೈಕುಂಠ ಸಮಾರಾಧನೆಯ ದಿನ ಬಂಧುಗಳೆಲ್ಲ ಎಲೆ ಮುಂದೆ ಕೂತು, ನರಸಮ್ಮ ಒಬ್ಬರ ಸೂಜೀನೂ ಇಟ್ಕೊಂಡೋಳಲ್ಲ ಎಂದು ಹೊಗಳಿದಾಗ ವೇಣುಗೋಪಾಲನ ಕಣ್ಣು ತುಂಬಿ ಸಾರಿನಲ್ಲಿ ಎರಡು ಹನಿ ಬಿದ್ದಿತ್ತು. ಸೂಜಿ ಇಟ್ಟುಕೊಳ್ಳದವಳು ಹಂಡೆ ಇಟ್ಟುಕೊಂಡಿದ್ದಳು. ಅಯ್ಯೋ ಅಮ್ಮಾ, ಎಂದ ಅವನು ಬಾಯಿಬಿಟ್ಟೇ, ಒಂದು ಚೊಂಬಾಗಿದ್ದರೆ ಹೇಗೋ ಜೇಬಲ್ಲಿ ಇಟ್ಟುಕೊಂಡಾದರೂ ವಾಪಸ್ ಕೊಡಬಹುದಿತ್ತಲ್ಲೇ.

ತಮಾಷೆ ನೋಡಿ, ಅವನು ಇವತ್ತು ಈ ಹಂಡೆಯನ್ನು ಉಜ್ಜುತ್ತಿದ್ದದ್ದೇ ಎರವಲು ಪಾತ್ರೆಯ ಬಗ್ಗೆ ಭಾಷಣ ಮಾಡಲು. ದೊಡ್ಡಬಳ್ಳಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ವೇಣುಗೋಪಾಲನಿಗೆ ಒಂಬತ್ತು ವರ್ಷದಿಂದ ಒಂದೇ ಒಂದು ಪದದ ಹುಚ್ಚು. ಇಂಗ್ಲಿಷಿನವರ ಕೆಟಲ್, ಜರ್ಮನಿಯವರ ಕೆಸೆಲ್, ಇನ್ನೂ ಉತ್ತರಕ್ಕೆ ಹೋದರೆ ಕೆಟಿಲ್, ಇವೆಲ್ಲ ಒಂದೇ ತಾಯಿಯ ಮಕ್ಕಳು. ಆ ತಾಯಿಯ ಹೆಸರು ಕಟಿಲಜ್ ಎಂದು ಪಂಡಿತರು ಹೇಳುತ್ತಾರೆ. ಬರೆದಿಟ್ಟವರು ಯಾರೂ ಇಲ್ಲ, ಕಣ್ಣಿಂದ ಕಂಡವರು ಯಾರೂ ಇಲ್ಲ. ಮಕ್ಕಳ ಮೂಗು ಬಾಯಿ ನೋಡಿ ತಾಯಿಯ ಮುಖ ಹೀಗಿದ್ದಿರಬೇಕು ಎಂದು ಕಟ್ಟಿದ್ದು. ಅದಕ್ಕೇ ಅಂಥ ಪದದ ಹಿಂದೆ ಒಂದು ಪುಟ್ಟ ನಕ್ಷತ್ರ ಹಾಕುತ್ತಾರೆ, ಇದು ಊಹೆ, ಸಾಕ್ಷಿಯಿಲ್ಲ, ಎಂದು ಒಪ್ಪಿಕೊಳ್ಳುವ ಗುರುತು. ಆ ತಾಯಿ ಪದವೂ ಉತ್ತರದ ಆ ಜನರ ಸ್ವಂತದ್ದಲ್ಲವಂತೆ. ಎರಡು ಸಾವಿರ ವರ್ಷದ ಹಿಂದೆ ರೋಮಿನವರ ಅಡುಗೆಮನೆಯಲ್ಲಿ ಕಟಿಲ್ಲುಸ್ ಎಂಬ ಪುಟ್ಟ ಬಟ್ಟಲಿತ್ತು. ವ್ಯಾಪಾರದವರ, ಸಿಪಾಯಿಗಳ ಕೈಯಲ್ಲಿ ಅದು ಉತ್ತರಕ್ಕೆ ಹೋಯಿತು, ಪಾತ್ರೆಯ ಜೊತೆ ಹೆಸರೂ ಹೋಯಿತು, ಬಟ್ಟಲಾಗಿ ಹೋದದ್ದು ಅಲ್ಲಿ ಹಂಡೆಯಾಗಿ ಬೆಳೆಯಿತು, ವಾಪಸ್ ಬರಲಿಲ್ಲ. ಆ ಉತ್ತರದವರು ಹುಟ್ಟಿದ ಗಂಡುಮಕ್ಕಳಿಗೂ ಕೆಟಿಲ್ ಎಂದೇ ಹೆಸರಿಡುತ್ತಿದ್ದರು ಎಂದು ವೇಣುಗೋಪಾಲ ಒಮ್ಮೆ ತರಗತಿಯಲ್ಲಿ ಹೇಳಿಬಿಟ್ಟ. ಅವತ್ತಿನಿಂದ ಅವನು ಕಾಲೇಜಿಗೆಲ್ಲ ಹಂಡೆ ಸಾರ್.

ಒಂಬತ್ತು ವರ್ಷಕ್ಕೆ ಒಲಿದು ಬಂದ ಭಾಷಣ ಇವತ್ತು ಹನ್ನೊಂದೂವರೆಗೆ. ರಂಗೋಲಿ ಸ್ಪರ್ಧೆಯ ಬಹುಮಾನ ವಿತರಣೆಗೂ ರಕ್ತದಾನ ಶಿಬಿರಕ್ಕೂ ನಡುವೆ ಇಪ್ಪತ್ತು ನಿಮಿಷ. ‘ಹಂಡೆಯ ಮೂಲ’ ಎಂದು ಫ್ಲೆಕ್ಸ್ ಮಾಡಿಸಿದ್ದರು. ಅದರ ಮೇಲೆ ಹಬೆಯಾಡುವ ಪ್ಲಾಸ್ಟಿಕ್ಕಿನ ಕರೆಂಟ್ ಕೆಟಲ್ಲಿನ ಫೋಟೋ, ಅದರ ಪಕ್ಕ ಅದಕ್ಕಿಂತ ಚಿಕ್ಕದಾಗಿ ಇವನ ಫೋಟೋ. ನೋಡಿ ಹೊಟ್ಟೆ ಉರಿದು, ಮಕ್ಕಳಿಗೆ ನಿಜವಾದ ಹಂಡೆಯನ್ನೇ ತೋರಿಸಿಬಿಡುತ್ತೇನೆ ಎಂದು ಇವನು ಪ್ರಿನ್ಸಿಪಾಲರಿಗೆ ಹೇಳಿದ್ದ. ಎರವಲು ಪಡೆದದ್ದು ಹೇಗೆ ನಮ್ಮದಾಗುತ್ತದೆ ಎಂದು ಹಂಡೆಯ ಮೇಲೆ ಕೈಯಿಟ್ಟು ಹೇಳುವ ಒಂದು ವಾಕ್ಯವನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಬೇರೆ ಮಾಡಿದ್ದ.

ಹಿತ್ತಲ ಬಾಗಿಲಿಗೆ ಬಂದ ಅವನ ಹೆಂಡತಿ ಮಾನಸ ಹೆಸರು ಓದಿದಳು, ಗಂಡನ ಮುಖ ಓದಿದಳು. “ಸರಿ ಬಿಡಿ, ಈಗೇನು? ನಿಮ್ಮಮ್ಮನ್ನ ಸ್ಟೇಷನ್ನಿಗೆ ಕರ್ಕೊಂಡ್ ಹೋಗ್ತಾರಾ? ಉಜ್ಜಿ ಹಾಲ್‌ನಲ್ಲಿ ಇಡ್ರೀ, ಮನಿಪ್ಲಾಂಟ್ ಹಾಕ್ತೀನಿ. ಆಚೆಮನೆ ಸಿಂಧು ಹಂಗೇ ಮಾಡವಳೆ, ಎಷ್ಟ್ ಚೆನ್ನಾಗಿ ಕಾಣುತ್ತೆ.”

“ನಿಂಗೆ ಅರ್ಥ ಆಗಲ್ಲ ಕಣೇ. ಈ ನೀರಲ್ಲೇ ನಾನು ಬೆಳೆದಿರೋದು.”

“ನೀರು ನಗರಸಭೇದು. ಹಂಡೆ ಮಾತ್ರ ಅವರ್ದು.”

ಮಾನಸ ಒಳಗೆ ಹೋದಳು. ಆದರೆ ವೇಣುಗೋಪಾಲನ ತಲೆಯೊಳಗೆ ನೀರು ಕುದಿಯುತ್ತಲೇ ಇತ್ತು. ಪ್ರತಿ ದೀಪಾವಳಿಗೂ ಅಮ್ಮ ಎಣ್ಣೆ ಹಚ್ಚಿ, ಈ ಹಂಡೆಯಿಂದಲೇ ಚೊಂಬು ಚೊಂಬು ಮೊಗೆದು, ಕಣ್ಣು ಮುಚ್ಚೋ, ಸೀಗೆಕಾಯಿ ಹೋಗುತ್ತೆ, ಎನ್ನುತ್ತಿದ್ದಳು. ಕಣ್ಣು ಮುಚ್ಚೋ ಎಂದದ್ದು ಸೀಗೆಕಾಯಿಗೋ, ಹೆಸರಿಗೋ? ಆದಿಲಕ್ಷ್ಮಮ್ಮ ಯಾವ ಮದುವೆಯಲ್ಲಿ ಸಿಕ್ಕರೂ, ಯಾವ ಗೃಹಪ್ರವೇಶದಲ್ಲಿ ಸಿಕ್ಕರೂ, ಊಟ ಆಯ್ತಾ ಎಂದು ಕೇಳಿದವಳೇ ಅಲ್ಲ. ಮೈಮೇಲೆ ಕೈಯಾಡಿಸಿ, “ಸ್ನಾನ ಆಯ್ತೇನಪ್ಪಾ? ನೀರು ಚೆನ್ನಾಗಿ ಕಾದಿತ್ತಾ?” ಎಂದು ಕೇಳುತ್ತಿದ್ದಳು. ಇವನ ಮದುವೆಯ ದಿನ, ಧಾರೆಯ ಮಂಟಪದಲ್ಲಿ, ಬಾಸಿಂಗ ಕಟ್ಟಿ ಕೂತವನನ್ನೂ ಹಾಗೆಯೇ ಕೇಳಿದ್ದಳು. ವಯಸ್ಸಾದವರ ಒಂದು ಚಟ ಎಂದುಕೊಂಡು ಅವನು ಪ್ರತಿಸಲವೂ ನಗುತ್ತಾ, ಫಸ್ಟ್‌ಕ್ಲಾಸಾಗಿ ಕಾದಿತ್ತು ದೊಡ್ಡಮ್ಮ, ಎನ್ನುತ್ತಿದ್ದ. ಫಸ್ಟ್‌ಕ್ಲಾಸಾಗಿ! ಈಗ ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಮ್ಮ ಪಕ್ಕದಲ್ಲೇ ಇರುತ್ತಿದ್ದಳಲ್ಲ, ಆಗ ಅವಳ ಮುಖ ಹೇಗಿರುತ್ತಿತ್ತು? ಎಷ್ಟು ಜಗ್ಗಿದರೂ ಅವನಿಗೆ ಆ ಮುಖ ನೆನಪಾಗಲಿಲ್ಲ. ಅಮ್ಮನ ಪ್ರಾಮಾಣಿಕತೆಗೂ ಹಿಂದೆ ಒಂದು ನಕ್ಷತ್ರ ಹಾಕಬೇಕು ಎಂದುಕೊಂಡ, ಎಂದುಕೊಂಡವನೇ ಥೂ ಎಂದು ತನ್ನನ್ನೇ ಬೈದುಕೊಂಡ. ಇವತ್ತೇ ಕೊಟ್ಟುಬಿಡಬೇಕು. ಯಾರಿಗೂ ಗೊತ್ತಾಗದ ಹಾಗೆ, ಅಮ್ಮನ ಹೆಸರು ಕೆಡದ ಹಾಗೆ, ಭಾಷಣಕ್ಕೂ ಮೊದಲು.

ತಂದ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವಂತಿಲ್ಲ. ಒಂದು ಲೋಟ ಸಾರು ತಂದ ಲೋಟದಲ್ಲೂ ನಾಲ್ಕು ಕಾಳು ಸಕ್ಕರೆ ಹಾಕಿ ಕೊಡುವ ಬೀದಿ ಅದು. ಐವತ್ಮೂರು ವರ್ಷ ಇಟ್ಟುಕೊಂಡ ಹಂಡೆಗೆ ಎಷ್ಟು ಹಾಕಬೇಕು ಎಂದು ಯಾವ ಲೆಕ್ಕದಲ್ಲೂ ಇಲ್ಲ. ಮಾನಸ ಗೊಣಗಿಕೊಂಡೇ ಎರಡು ಸೇರು ಅಕ್ಕಿ, ಎರಡು ಅಚ್ಚು ಬೆಲ್ಲ, ಎಲೆ ಅಡಿಕೆ, ಒಂದು ತೆಂಗಿನಕಾಯಿ ಹಾಕಿಕೊಟ್ಟಳು. ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಹಂಡೆ ಕೂರಿಸಿ, ಅದರ ಎರಡು ಪಕ್ಕಕ್ಕೆ ಕಾಲು ಅಗಲಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ವೇಣುಗೋಪಾಲ ಹೊರಟ. ಮೊದಲ ಹಂಪಿನಲ್ಲೇ ತೆಂಗಿನಕಾಯಿ ಹಂಡೆಗೆ ಬಡಿದು ಡಂ ಎಂದಿತು. ಬೀದಿಯೆಲ್ಲ ತಿರುಗಿತು. ನಿಧಾನಕ್ಕೆ ಹೋದರೆ ಕಾಯಿ ಸುತ್ತಲೂ ಉರುಳಿ ಗರಗರ, ಜೋರಾಗಿ ಹೋದರೆ ಡಂ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಕ್ಕಳ ಗುಂಪಿನ ಮುಂದೆ ಎರಡು ಸಲ ಡಂ ಎಂದಾಗ ಯಾರೋ, ಗುರು, ಊರಿಗೆ ಏನ್ ಸಾರ್ತಾವ್ನೆ ನೋಡು, ಎಂದರು. ಯಾರಿಗೂ ಗೊತ್ತಾಗದ ಹಾಗೆ ಕೊಡಬೇಕೆಂದಿದ್ದ ಹಂಡೆ ಮೂರು ಬೀದಿಗೂ ಗೊತ್ತಾಗುತ್ತಾ ಹೋಯಿತು.

ಆದಿಲಕ್ಷ್ಮಮ್ಮನ ಮನೆಯ ಮುಂದಿನ ಹಜಾರದಲ್ಲಿ ನಾಲ್ಕು ಮಗ್ಗ. ಮಗ ಅಂಬರೀಶ್ ನಡೆಸುವುದು. ಆ ಬೀದಿಯಲ್ಲಿ ಅಂಥ ಮನೆ ಮೂವತ್ತು. ಬೆಳಗಿನಿಂದ ಸಂಜೆಯವರೆಗೆ ಕಟಕಟ ಕಟಕಟ ಎಂದು ನೂರಾರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಹುಟ್ಟಿ ಬೆಳೆದವರಿಗೆ ಪಿಸುಮಾತು ಎಂಬುದು ಬರುವುದೇ ಇಲ್ಲ. ಪ್ರೀತಿಯನ್ನೂ ಕೂಗಿಯೇ ಹೇಳುತ್ತಾರೆ, ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ, ತೀರಾ ಗುಟ್ಟಾದರೆ ದೂರದಲ್ಲಿ ನಿಂತು ಬರೀ ತುಟಿಯಾಡಿಸುತ್ತಾರೆ, ಆಚೆಯವರು ತುಟಿ ಓದಿಕೊಳ್ಳುತ್ತಾರೆ. ಕಾಲೇಜಿನ ಕೋಣೆಯಲ್ಲಿ ಮೂವತ್ತು ವರ್ಷ ಕಳೆದ ವೇಣುಗೋಪಾಲನಿಗೆ ಆ ವಿದ್ಯೆ ಮರೆತುಹೋಗಿತ್ತು. ಜಗುಲಿಯ ಮೇಲೆ ಕಾಲು ನೀಡಿ ಕೂತು ಮಗ್ಗದ ಲಾಳಿಗೆ ಹಾಕುವ ಉಂಡೆಗೆ ದಾರ ಸುತ್ತುತ್ತಿದ್ದ ಆದಿಲಕ್ಷ್ಮಮ್ಮ, ಎಪ್ಪತ್ತೆಂಟು ವರ್ಷದ, ಬೆಲ್ಲದ ಅಚ್ಚಿನಷ್ಟೇ ಗಟ್ಟಿಯಾದ ಸಣ್ಣ ಮುದುಕಿ, ಮೊದಲು ಹಂಡೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಇವನನ್ನು ನೋಡಿ ಕೂಗಿದಳು:

“ಏನಪ್ಪಾ ವೇಣು! ಸ್ನಾನ ಆಯ್ತಾ?”

ಅವನು ಹಂಡೆಯನ್ನು ಇಳಿಸಿ ಜಗುಲಿಯ ಮೇಲಿಟ್ಟ. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದ. ಅದು ಒಳ್ಳೆಯ ಮಾತು, ಮೆತ್ತನೆಯ ಮಾತು. “ದೊಡ್ಡಮ್ಮ, ನೀರೊಲೆ ಒಡೆಸಿದಾಗ ಗೊತ್ತಾಯ್ತು, ಈ ಹಂಡೆ ನಿಮ್ಮ ಕಡೆಯಿಂದ ಬಂದಿದ್ದು ನಮ್ಮಲ್ಲೇ ಉಳ್ಕೊಂಡ್‌ಬಿಟ್ಟಿದೆ ಅನ್ಸುತ್ತೆ.”

“ಆಂ?”

“ಅಮ್ಮ ವಾಪಸ್ ಕೊಡೋದು ಮರೆತಿದ್ರು ಅನ್ಸುತ್ತೆ!”

“ಏನ್ ಬೆರೆಸಿದ್ರು? ಜೋರಾಗ್ ಹೇಳೋ, ಮೇಷ್ಟ್ರಾಗಿ ಗಂಟ್ಲಿಲ್ವಾ?”

“ಅಮ್ಮ! ಹಂಡೆ! ಕೊಡ್ಲಿಲ್ಲ!”

ಮಗ್ಗದ ಮುಂದೆ ‘ಅನ್ಸುತ್ತೆ’ಗೆ ಜಾಗವಿಲ್ಲ, ‘ಉಳ್ಕೊಂಡ್‌ಬಿಟ್ಟಿದೆ’ಗೆ ಜಾಗವಿಲ್ಲ. ಒಂದೊಂದು ಸಲ ಕೂಗಿದಾಗಲೂ ಒಂದೊಂದು ಮರ್ಯಾದೆಯ ಪದ ಉದುರುತ್ತಾ ಬಂದು, ಬೆವರಿ, ಅಂಗಿಯ ಕಾಲರಿಗೆ ಮಸಿ ಮೆತ್ತಿಕೊಂಡು, ಮುದುಕಿ ನಾಲ್ಕನೆಯ ಸಲ ಕಿವಿಗೆ ಕೈಯಿಟ್ಟು ಆಂ ಎಂದಾಗ ವೇಣುಗೋಪಾಲ ಎರಡು ಕೈಯನ್ನೂ ಬಾಯಿಯ ಎರಡು ಕಡೆ ಹಿಡಿದು, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ. ಕೂಗಲು ಬಾಯಿ ತೆರೆದ ಗಳಿಗೆಗೆ ಸರಿಯಾಗಿ ಕರೆಂಟ್ ಹೋಯಿತು. ಮೂವತ್ತು ಮನೆಯ ಮಗ್ಗಗಳೂ ಒಟ್ಟಿಗೆ ನಿಂತವು.

“ನಮ್ಮಮ್ಮ ನಿಮ್ಮ ಹಂಡೆ ಕದ್ದಿದ್ಳು!”

ಆ ಮಾತು ಬೀದಿಯ ಆ ತುದಿಯ ಗಣೇಶನ ಗುಡಿಯವರೆಗೂ ಹೋಗಿ ಬಂತು. ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವಳ ಕೈ ಹಗ್ಗದ ಮೇಲೇ ನಿಂತಿತು. ಅಂಬರೀಶ್ ಮಗ್ಗದ ಹಿಂದಿನಿಂದ ತಲೆ ಹಾಕಿದ. ಎದುರುಮನೆಯ ಬಾಗಿಲು, ಅದರ ಪಕ್ಕದ ಬಾಗಿಲು, ಅದರ ಪಕ್ಕದ್ದು, ಒಂದೊಂದೇ ಬಾಗಿಲಲ್ಲಿ ಒಂದೊಂದು ಮುಖ ಬಂತು. ಅಷ್ಟು ನಿಶ್ಶಬ್ದವನ್ನು ವೇಣುಗೋಪಾಲ ಅಮ್ಮ ಸತ್ತ ದಿನವೂ ಕೇಳಿರಲಿಲ್ಲ. ಬದುಕಿದ್ದಾಗ ಯಾರೂ ಆಡದ ಮಾತನ್ನು, ಸತ್ತು ವರ್ಷವಾದ ಮೇಲೆ, ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಬೀದಿಯಲ್ಲಿ ನಿಂತು ಸಾರಿದ್ದ. ನೆಲ ಬಾಯಿಬಿಡಬಾರದೇ ಎಂದುಕೊಂಡ. ನೆಲ ಬಾಯಿಬಿಡಲಿಲ್ಲ, ಹಂಡೆಯೊಳಗೆ ತೆಂಗಿನಕಾಯಿ ಮಾತ್ರ ತಾನೇ ಒಂದು ಸಲ ಉರುಳಿತು.

ಆದಿಲಕ್ಷ್ಮಮ್ಮ ಉಂಡೆ ಕೆಳಗಿಟ್ಟಳು. ಗೋಡೆ ಹಿಡಿದು ಎದ್ದು ನಿಂತಳು. ಅವಳ ಕಿವಿಗೆ ಏನೂ ಆಗಿಲ್ಲ ಎಂಬುದು ಆ ಎದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು.

“ಯಾವೋನ್ಲಾ ಅವ್ನು ಕದ್ದಿದ್ದು ಅಂದೋನು?” ಎಂದಳು. ಮಗ್ಗ ನಿಂತಿದ್ದರೂ ಮಗ್ಗದ ಮೇಲೆ ಕೂಗುವಷ್ಟೇ ಜೋರು. “ನಾನೇ ಕೊಟ್ಟಿದ್ದು! ನೀನು ಹುಟ್ಟಿದಾಗ ನಿಮ್ಮಮ್ಮನ ಬಾಣಂತಿ ನೀರಿಗೆ ಅಂತ ನನ್ನ ಕೈಯಾರೆ ಕೊಟ್ಟೆ, ಇಟ್ಕೊಳ್ಳೇ ನರಸು, ನಿಂಗೇ ಇರ್ಲಿ ಅಂದೆ. ನರಸಮ್ಮ ಒಬ್ಬರ ಸೂಜೀನೂ ಇಟ್ಕೊಂಡೋಳಲ್ಲ! ಓದ್ಕೊಂಡೋನ್ ಬಾಯಲ್ಲಿ ಬರೋ ಮಾತಾ ಇದು? ಕೇಳಿಸ್ತೇನ್ರೇ ಎಲ್ಲಾರ್ಗೂ?”

ಎಲ್ಲರಿಗೂ ಕೇಳಿಸಿತು. ಮಹಡಿಯವಳು ತಲೆಯಾಡಿಸಿ ಬಟ್ಟೆ ಹರವಿದಳು. ಎದುರುಮನೆಯ ಮುಖ, ಮೇಷ್ಟ್ರಿಗೆ ಓದಿ ಓದಿ ತಲೆ ಕೆಟ್ಟೈತೆ ಅಂತ ಕಾಣುತ್ತೆ, ಎಂದಿತು. ಒಳಗೆ ಹೋಯಿತು. ವೇಣುಗೋಪಾಲನ ಎದೆಯ ಮೇಲಿಂದ ಹಂಡೆಯಷ್ಟೇ ಭಾರದ್ದೊಂದು ಇಳಿಯಿತು. ಹಾಗಾದರೆ ಕೊಟ್ಟದ್ದು. ಹಾಗಾದರೆ ಅಮ್ಮ ಕಳ್ಳಿಯಲ್ಲ. ಆದರೆ ಕೊಟ್ಟದ್ದಾದರೆ ಹೆಸರನ್ನು ಗೋಡೆಗೆ ಯಾಕೆ ತಿರುಗಿಸಿದಳು? ಅವನು ಕೇಳಬೇಕೆನ್ನುವಷ್ಟರಲ್ಲಿ ಕರೆಂಟ್ ಬಂತು. ಕಟಕಟ ಕಟಕಟ ಎಂದು ಬೀದಿಯೆಲ್ಲ ಮತ್ತೆ ಶುರುವಾಯಿತು, ಅಂಬರೀಶನ ತಲೆ ಮಗ್ಗದ ಹಿಂದೆ ಹೋಯಿತು. ಆದಿಲಕ್ಷ್ಮಮ್ಮ ಇವನ ತೋಳು ಹಿಡಿದು ಬಗ್ಗಿಸಿ, ತುಟಿ ಓದುವವರಿಗೆ ಕಾಣದ ಹಾಗೆ ಸೆರಗನ್ನು ಬಾಯಿಗಡ್ಡ ಹಿಡಿದು, ಅವನ ಕಿವಿಯಲ್ಲಿ ಹೇಳಿದಳು:

“ಕಳ್ಳಿ ಕಣೋ ನಿಮ್ಮಮ್ಮ. ಊರಿಗೇ ದೊಡ್ಡ ಕಳ್ಳಿ.”

ವೇಣುಗೋಪಾಲ ಬೆಚ್ಚಿದ. ಮುದುಕಿ ಬಿಡಲಿಲ್ಲ, ಹಂಡೆಯ ಹೆಗಲಿಗೆ ಬೆರಳು ಹಾಕಿ, ರಾಮಲಿಂಗಯ್ಯನ ಕೆಳಗಿದ್ದ ಆ ಗೀಚುಗಳನ್ನು ಸವರಿದಳು. ಬೆಳಿಗ್ಗೆ ನೋಡದೆ ಬಿಟ್ಟದ್ದನ್ನು ಅವನು ಈಗ ನೋಡಿದ. ಸವೆದ ತೆಲುಗು ಅಕ್ಷರ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಆದಿಲಕ್ಷ್ಮಮ್ಮ, “ಮೇಲಿರೋದು ನಮ್ಮೋರ್ದು,” ಎಂದಳು. “ಕೆಳಗಿರೋದು ನಮ್ಮ ಸೋದರತ್ತೆದು. ಹಿಂದೂಪುರ. ನನ್ನ ಮದುವೇಲಿ ನೀರು ಕಾಯ್ಸೋಕೆ ಅಂತ ನಾಕು ದಿನಕ್ಕೆ ತಂದಿದ್ದು. ಅಪ್ಪನ ಹತ್ರ ಹಂಡೆ ಕೊಡೋ ಶಕ್ತಿ ಎಲ್ಲಿತ್ತು? ನಾನೇ ಗಾಡಿಗೆ ಹಾಕ್ಕೊಂಡ್ ಬಂದ್‌ಬಿಟ್ಟೆ. ತವರಿಂದ ಕೊಟ್ರು ಅಂತ ಇಲ್ಲಿ ನಮ್ಮತ್ತೆಗೆ ಹೇಳ್ದೆ, ಇವರು ಖುಷೀಲಿ ಮೇಲೆ ಹೆಸರು ಹೊಡೆಸಿದ್ರು. ಕೆಳಗಿಂದು ಮಸೀಲಿ ಮುಚ್ಚಿತ್ತು, ನಾನು ಆ ಜಾಗ ಉಜ್ಜಿದ್ದೇ ಇಲ್ಲ.”

“ಅಮ್ಮಂಗೆ ಗೊತ್ತಿತ್ತಾ?”

“ವಾಪಸ್ ಕೊಡೋಣ ಅಂತ ಅಕ್ಕಿ ಬೆಲ್ಲ ಹಾಕಿ, ಉಜ್ಜಿ ಇಟ್ಟಿದ್ಳು, ನಿನ್ ಹಂಗೇ. ಉಜ್ಜಿದ್ರೆ ಕಾಣುತ್ತಲ್ಲ. ತರೋಕೆ ಅಂತ ನಾನೂ ನಮ್ಮತ್ತೇನೂ ಹೋದ್ರೆ, ನನ್ನ ನೋಡಿದ್ಳು, ಹಂಡೆ ನೋಡಿದ್ಳು. ನಂಗೆ ಅಲ್ಲೇ ಜ್ವರ ಬಂದಂಗಾಯ್ತು. ನಮ್ಮತ್ತೆ ತೆಲುಗು ಓದೋಳು. ಹಂಡೆ ಒಂದು ಸಲ ಆ ಕಡೆ ತಿರುಗಿದ್ರೆ ನನ್ನ ಕತೆ ಮುಗೀತಿತ್ತು. ನಿಮ್ಮಮ್ಮ ಹೆಸರಿನ ಮೇಲೆ ಸೆರಗು ಹಾಕಿ, ‘ಆದಿ ಇದನ್ನ ನಂಗೇ ಕೊಟ್‌ಬಿಟ್ಟವಳೆ, ಕೊಡಲ್ಲ ಹೋಗಿ’ ಅಂದ್‌ಬಿಟ್ಳು. ನಮ್ಮತ್ತೆ ಬೀದಿ ಉದ್ದಕ್ಕೂ ಬೈದ್ರು ಅವಳನ್ನ. ಬಾಯಿ ಮುಚ್ಕೊಂಡ್ ಬೈಸ್ಕೊಂಡ್ಳು. ಮಾರನೇ ದಿನ ಗಾರೆಯೋನ್ನ ಕರೆಸಿ ಹೂತುಬಿಟ್ಳು, ಹೆಸರು ಗೋಡೆ ಕಡೆಗೆ ಹಾಕಿ.”

“ಮತ್ತೆ ಕಳ್ಳಿ ಅಂತೀರಲ್ಲ ದೊಡ್ಡಮ್ಮ?”

“ಇನ್ನೇನು? ನನ್ ಮಾನಾನೂ ಉಳಿಸಿದ್ಳು, ಹಂಡೇನೂ ಉಳಿಸ್ಕೊಂಡ್ಳು! ಐವತ್ತು ವರ್ಷ ನಾನು ಅಲ್ಯುಮಿನಿಯಮ್ ಪಾತ್ರೇಲಿ ನೀರು ಕಾಯ್ಸಿದ್ದೀನಿ ಕಣೋ! ನೀರು ಚೆನ್ನಾಗಿ ಕಾದಿತ್ತಾ ಅಂತ ಕೇಳಿದ್ರೆ ಒಂದು ದಿನ, ಒಂದೇ ಒಂದು ದಿನ ನಾಚ್ಕೊಂಡ್ಳಾ? ಕಣ್ಣು ಹೊಡೀತಿದ್ಳು!”

ಅಮ್ಮ ಕಣ್ಣು ಹೊಡೆಯುತ್ತಿದ್ದಳು. ಬೆಳಿಗ್ಗೆಯಿಂದ ಜಗ್ಗಿದರೂ ಬಾರದಿದ್ದ ಮುಖ ಈಗ ತಾನಾಗಿ ಬಂತು: ಮದುವೆಯ ಮಂಟಪದ ಪಕ್ಕದಲ್ಲಿ, ಕೆಂಪು ಅಂಚಿನ ರೇಷ್ಮೆ ಸೀರೆಯಲ್ಲಿ, ಕಣ್ಣಿಗೆ ಹೋಮದ ಹೊಗೆ ಹೋಯಿತೇನೋ ಎಂಬ ಹಾಗೆ ಒಂದು ಕಣ್ಣು ಮುಚ್ಚಿ ತೆಗೆದ ಅಮ್ಮ. ವೇಣುಗೋಪಾಲನಿಗೆ ಅಳು ಬಂತು, ಅದರ ಜೊತೆಯಲ್ಲೇ ನಗುವೂ ಬಂತು, ಎರಡೂ ಕೂಡಿ ಅವನ ಗಂಟಲಿನಿಂದ ಹೊರಟ ಸದ್ದನ್ನು ಪುಣ್ಯಕ್ಕೆ ಮಗ್ಗ ನುಂಗಿತು. ಅಮ್ಮ ಬದುಕಿದ್ದಾಗ ಇಷ್ಟು ಪ್ರೀತಿ ಬಂದಿದ್ದರೆ ಒಂದು ಸಲ ತಬ್ಬಿಕೊಳ್ಳಬಹುದಿತ್ತು ಎಂದು ಅವನಿಗೆ ಬಹಳ ಸಂಕಟವಾಯಿತು.

“ಸೋದರತ್ತೆಗೆ ಎಲ್ಲಿಂದ ಬಂತು ದೊಡ್ಡಮ್ಮ?” ಎಂದು ಕೇಳಿದ, ಒಂಬತ್ತು ವರ್ಷದ ಅಭ್ಯಾಸ ಬಿಡಬೇಕಲ್ಲ. ರೋಮಿನವರ ಬಟ್ಟಲಿನ ಹಿಂದಕ್ಕೆ ಹೋದರೂ ಕಟೀನುಸ್ ಎಂಬ ದೊಡ್ಡ ಬಟ್ಟಲು ಸಿಕ್ಕಿ, ಅದರ ಹಿಂದೆ ಏನು ಎಂದು ಪಂಡಿತರಿಗೇ ಖಾತ್ರಿಯಿಲ್ಲ.

“ನಂಗೇನ್ ಗೊತ್ತು? ಅವಳೂ ಹೆಸರಿನ ಕಡೆ ಗೋಡೆಗೇ ಇಟ್ಟಿದ್ಳು,” ಎಂದಳು ಆದಿಲಕ್ಷ್ಮಮ್ಮ. “ತಗೊಂಡ್ ಹೋಗು ಇದನ್ನ. ಇಷ್ಟು ವರ್ಷ ಆದ್ಮೇಲೆ ನಂಗೆ ಬೇಡ. ನಮ್ಮ ಅಂಬರೀಶ ಉಜ್ಜಿಸ್ತಾನೆ, ಓದ್ತಾನೆ, ಸೊಸೆ ಕೇಳ್ತಾಳೆ.” ಅಕ್ಕಿ ಬೆಲ್ಲ ಎಲೆ ಅಡಿಕೆ ಎಲ್ಲವನ್ನೂ ಮೊರಕ್ಕೆ ಸುರಿದುಕೊಂಡಳು, ತೆಂಗಿನಕಾಯಿಯನ್ನು ಅಲ್ಲಾಡಿಸಿ ನೀರಿದೆಯೇ ನೋಡಿ ತೆಗೆದಿಟ್ಟುಕೊಂಡಳು. ಬರಿದು ಹಂಡೆ ಕಳಿಸುವಂತಿಲ್ಲವಲ್ಲ, ಒಳಗಿನಿಂದ ಎರಡು ಸೇರು ಕಡಲೆಪುರಿ ತಂದು ಸುರಿದಳು. ಇವನು ಸ್ಕೂಟರ್ ಹತ್ತಿದಾಗ ಹಿಂದಿನಿಂದ ಕೂಗಿದಳು, “ಸೋಲಾರ್ ನೀರು ಚೆನ್ನಾಗಿ ಕಾಯುತ್ತೇನೋ?”

“ಫಸ್ಟ್‌ಕ್ಲಾಸಾಗಿ ಕಾಯುತ್ತೆ ದೊಡ್ಡಮ್ಮ!” ಎಂದು ಅವನೂ ಮಗ್ಗದ ಮೇಲೆ ಕೂಗಿದ. ಕಣ್ಣು ಹೊಡೆಯಲು ನೋಡಿದ, ಅಭ್ಯಾಸವಿಲ್ಲದೆ ಎರಡೂ ಮುಚ್ಚಿಕೊಂಡವು.

ಕಾಲೇಜು ಮುಟ್ಟುವಾಗ ಹನ್ನೊಂದೂಮುಕ್ಕಾಲು. ರಂಗೋಲಿಯ ಬಹುಮಾನ ಮುಗಿದಿತ್ತು, ರಕ್ತದಾನದವರು ವೇದಿಕೆಯ ಕೆಳಗೆ ಮಂಚ ಹಾಕಿಕೊಂಡು ಸಿದ್ಧವಾಗಿದ್ದರು. ಪ್ರಿನ್ಸಿಪಾಲರು ಗಡಿಯಾರ ತೋರಿಸಿ, “ಐದೇ ನಿಮಿಷ, ಹಂಡೆ ಸಾರ್,” ಎಂದು ನಾಲಿಗೆ ಕಚ್ಚಿಕೊಂಡರು. ಕೊನೆಯ ವರ್ಷದ ಭಾನುಪ್ರಿಯಾ, ಚನ್ನರಾಯಪಟ್ಟಣ ಹೋಬಳಿಯ ಕಡೆಯಿಂದ ದಿನಾ ಎರಡು ಬಸ್ಸು ಹಿಡಿದು ಬರುವ ಹುಡುಗಿ, ಹಂಡೆಯ ಒಂದು ಕಡೆ ಹಿಡಿದು ವೇದಿಕೆಯ ಮೇಲಿನ ಮೇಜಿಗೆ ಏರಿಸಲು ಸಹಾಯ ಮಾಡಿದಳು. ಉಜ್ಜಿದ ತಾಮ್ರ ಟ್ಯೂಬ್‌ಲೈಟಿನಲ್ಲಿ ಕೆಂಪಗೆ ಹೊಳೆಯಿತು. ಹಿಂದೆ ಪ್ಲಾಸ್ಟಿಕ್ ಕೆಟಲ್ಲಿನ ಫ್ಲೆಕ್ಸು, ಮುಂದೆ ನಲವತ್ತು ಜನ, ಅವರಲ್ಲಿ ಹದಿನೈದು ಜನ ರಕ್ತ ಕೊಡಲು ಬಂದವರು. ಎರವಲಿನ ಬಗ್ಗೆ ಅಭ್ಯಾಸ ಮಾಡಿದ್ದ ವಾಕ್ಯ ಅವನಿಗೆ ಒಂದಕ್ಷರವೂ ನೆನಪಿರಲಿಲ್ಲ. ಭಾನುಪ್ರಿಯಾ ಹಂಡೆಯ ಹೆಗಲ ಹತ್ತಿರ ಬಗ್ಗಿ, “ಏನೋ ಬರೆದಿದೆ ಸಾರ್,” ಎಂದಳು. “ಯಾರ್ದು ಸಾರ್ ಇದು?”

“ನಮ್ಮಮ್ಮಂದು,” ಎಂದ ವೇಣುಗೋಪಾಲ. ಹಿಡಿ ಕಡಲೆಪುರಿ ತೆಗೆದು ಅವಳ ಕೈಗೆ ಹಾಕಿದ, ಎರಡು ಕೈಯಲ್ಲೂ ಹಂಡೆಯ ಕಂಠ ಹಿಡಿದು ಹೆಸರಿದ್ದ ಕಡೆಯನ್ನು ಗೋಡೆಗೆ ತಿರುಗಿಸಿದ, ಮೈಕಿನ ಮುಂದೆ ಬಂದು ನಿಂತ.